ಒಂದು ವಡಾ ಪಾವ್ ಎಂದರೆ ಎಷ್ಟು ಕಿಲೋಮೀಟರ್?

ಮೊದಲು ನಿಮ್ಮ ತೂಕ ನೋಡಿಕೊಳ್ಳಿ. ಅದರ ಅರ್ಧ ಮಾಡಿ. ಆ ಅರ್ಧಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಿ. ಸಮತಟ್ಟಾದ ರಸ್ತೆಯಲ್ಲಿ ನೀವು ಒಂದು ಕಿಲೋಮೀಟರ್ ಬಿರುಸಾಗಿ ನಡೆದರೆ ಹೆಚ್ಚುಕಡಿಮೆ ಅಷ್ಟು ಕ್ಯಾಲೊರಿ ಖರ್ಚಾಗುತ್ತದೆ. ನಿಮ್ಮ ತೂಕ 70 ಕೆ.ಜಿ. ಆದರೆ 35ಕ್ಕೆ ಮೂರೂವರೆ ಸೇರಿಸಿ, ಸುಮಾರು 38. ತೂಕ 60 ಕೆ.ಜಿ. ಇದ್ದರೆ 33. ಈ ಒಂದು ಸಂಖ್ಯೆ ಬಾಯಿಗೆ ಬಂದರೆ ಸಾಕು. ತಿಂಡಿಯ ಕ್ಯಾಲೊರಿಯನ್ನು ಇದರಿಂದ ಭಾಗಿಸಿ, ಎದುರಿಗಿರುವ ಯಾವ ತಿಂಡಿಯನ್ನಾದರೂ ಕಿಲೋಮೀಟರ್ ಲೆಕ್ಕಕ್ಕೆ ತರಬಹುದು.

ನಾನು ಮುಂಬಯಿಯ ದಾದರ್‌ನಲ್ಲಿ ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ತವರು ಕುಂದಾಪುರದ ಕಡೆ. ಹಾಗಾಗಿ ನನ್ನ ಹತ್ತಿರ ಬರುವವರಲ್ಲಿ ನಮ್ಮ ಕನ್ನಡದವರು ಜಾಸ್ತಿ. ಹೋಟೆಲ್ ನಡೆಸುವ ಶೆಟ್ರು, ಬ್ಯಾಂಕಿನಿಂದ ನಿವೃತ್ತರಾದ ರಾಯರು, ಡೊಂಬಿವಲಿಯಿಂದ ದಿನಾ ಲೋಕಲ್‌ನಲ್ಲಿ ಫೋರ್ಟ್‌ಗೆ ಓಡಾಡುವ ಹೆಣ್ಣುಮಕ್ಕಳು. ಎಲ್ಲರದೂ ಒಂದೇ ಪ್ರಶ್ನೆ. "ಮೇಡಂ, ನಿನ್ನೆ ಮದುವೆಮನೆಯಲ್ಲಿ ಎರಡು ಹೋಳಿಗೆ ತಿಂದೆ. ಇವತ್ತು ಎಷ್ಟು ಹೊತ್ತು ನಡೆಯಬೇಕು?" ಈ ಪ್ರಶ್ನೆಗೆ ಉತ್ತರ ಇದೆ. ಆದರೆ ಇದನ್ನು ತಿಂದ ಮೇಲೆ ಕೇಳುವುದಲ್ಲ, ತಿನ್ನುವ ಮೊದಲು ಕೇಳಬೇಕು. ಲೆಕ್ಕ ಯಾಕೆ ಹಾಗೆ ಹೇಳುತ್ತದೆ ಎಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಲೆಕ್ಕ ಎಲ್ಲಿಂದ ಬಂತು

ಸುಮ್ನೆ ಕೂತಿದ್ದರೂ ನಮ್ಮ ದೇಹ ಉರಿಯುತ್ತಲೇ ಇರುತ್ತದೆ. ಪ್ರತಿ ಕೆ.ಜಿ. ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. 70 ಕೆ.ಜಿ.ಯವರು ಒಂದು ಗಂಟೆ ಕುರ್ಚಿಯಲ್ಲಿ ಕೂತರೆ 70 ಕ್ಯಾಲೊರಿ ಹೋಯಿತು. ಇದಕ್ಕೆ ಒಂದು ಮೆಟ್ ಎನ್ನುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಮೆಟ್ ಎಂದು ಅಮೆರಿಕದ ಸಂಶೋಧಕರು ಒಂದು ದೊಡ್ಡ ಪಟ್ಟಿ ಮಾಡಿದ್ದಾರೆ. 1993ರಲ್ಲಿ ಮೊದಲು ಬಂತು, 2011ರಲ್ಲಿ ಮತ್ತು 2024ರಲ್ಲಿ ಪರಿಷ್ಕರಿಸಿದರು. ಗಂಟೆಗೆ ಐದೂವರೆ ಕಿಲೋಮೀಟರ್ ವೇಗದ ನಡಿಗೆಗೆ 2011ರ ಪಟ್ಟಿಯಲ್ಲಿ 4.3 ಮೆಟ್ ಇದೆ.

70ನ್ನು 4.3ರಿಂದ ಗುಣಿಸಿದರೆ 301. ಜಿಮ್ಮಿನ ಟ್ರೆಡ್‌ಮಿಲ್ ನಿಮಗೆ ತೋರಿಸುವುದು ಸಾಮಾನ್ಯವಾಗಿ ಈ ಸಂಖ್ಯೆ. ಇಲ್ಲೇ ಜನ ಏಮಾರುವುದು. ಆ ಒಂದು ಗಂಟೆ ನೀವು ಮನೆಯಲ್ಲಿ ಟಿವಿ ನೋಡುತ್ತಿದ್ದರೂ 70 ಕ್ಯಾಲೊರಿ ಖರ್ಚಾಗುತ್ತಿತ್ತು ಅಲ್ವಾ? ಅದನ್ನು ಕಳೆಯಲೇಬೇಕು. ಉಳಿದದ್ದು 231. ತಿಂಡಿಗೆ ಜಮೆ ಮಾಡಲು ಸಿಗುವುದು ಇಷ್ಟೇ. ಐದೂವರೆ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 42. ನಾನು ಮೊದಲು ಕೊಟ್ಟ ಸೂತ್ರದಲ್ಲಿ ಈ ಕಳೆಯುವ ಕೆಲಸ ಆಗಲೇ ಮುಗಿದಿದೆ, ಅದು ಇದಕ್ಕಿಂತಲೂ ಸ್ವಲ್ಪ ಕಮ್ಮಿಯೇ ಹಿಡಿಯುತ್ತದೆ.

ಇನ್ನು ಕೈಗಡಿಯಾರ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಸ್ಮಾರ್ಟ್ ಗಡಿಯಾರ ಮತ್ತು ಕೈಪಟ್ಟಿಗಳನ್ನು ಪರೀಕ್ಷೆ ಮಾಡಿದರು. ನಾಡಿಬಡಿತದ ಲೆಕ್ಕ ಹೆಚ್ಚಿನವುಗಳಲ್ಲಿ ಸರಿಯಿತ್ತು. ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ನೂರಕ್ಕೆ 93ರಷ್ಟು. ಹಾಗಾಗಿ ಗಡಿಯಾರದಲ್ಲಿ ಹೆಜ್ಜೆ ನೋಡಿ, ದೂರ ನೋಡಿ, ನಾಡಿ ನೋಡಿ. ಕ್ಯಾಲೊರಿ ಮಾತ್ರ ಕೈಬೆರಳಲ್ಲೇ ಎಣಿಸಿಕೊಳ್ಳಿ.

ತಟ್ಟೆಯ ಕಡೆಯ ಲೆಕ್ಕ

ಇಲ್ಲಿ ನೆನಪಿಡಬೇಕಾದ್ದು ಸ್ವಲ್ಪವೇ. ಹಿಟ್ಟು, ಸಕ್ಕರೆ, ಬೇಳೆಯ ಪ್ರೋಟೀನ್, ಇವು ಗ್ರಾಂಗೆ 4 ಕ್ಯಾಲೊರಿ. ಎಣ್ಣೆ, ತುಪ್ಪ ಗ್ರಾಂಗೆ 9. ಬೆಣ್ಣೆಯಲ್ಲಿ ನೀರಿನ ಅಂಶ ಇರುವುದರಿಂದ 7ರ ಮೇಲೆ. ಪೊಟ್ಟಣದ ಮೇಲೆ ಕಿಲೋಕ್ಯಾಲೊರಿ ಎಂದು ಬರೆದಿರುವುದೂ ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದೂ ಒಂದೇ. ದುಬೈಯಿಂದ ಬಂದ ನೆಂಟರು ಕೊಟ್ಟ ಚಾಕಲೇಟಿನ ಮೇಲೆ ಬರೀ ಕಿಲೋಜೂಲ್ ಇದ್ದರೆ 4.2ರಿಂದ ಭಾಗಿಸಿ.

ಈಗ ವಡಾ ಪಾವ್ ಬಿಚ್ಚಿ ನೋಡೋಣ. ಪಾವ್ ಸುಮಾರು 40 ಗ್ರಾಂ, ಅದಕ್ಕೆ 110 ಕ್ಯಾಲೊರಿ. ಒಳಗಿನ ಬಟಾಟೆ 60 ಗ್ರಾಂ, 50 ಕ್ಯಾಲೊರಿಯೂ ಇಲ್ಲ. ಮೇಲಿನ ಕಡಲೆಹಿಟ್ಟು 15 ಗ್ರಾಂ, 55 ಕ್ಯಾಲೊರಿ. ಹೀರಿಕೊಂಡ ಎಣ್ಣೆ 8 ಗ್ರಾಂ ಎಂದಿಟ್ಟುಕೊಂಡರೂ 72. ಒಣ ಬೆಳ್ಳುಳ್ಳಿ ಚಟ್ನಿಗೆ ಒಂದಿಪ್ಪತ್ತು. ಕೂಡಿಸಿ, 300ರ ಹತ್ತಿರ ಬರುತ್ತದೆ. 70 ಕೆ.ಜಿ.ಯವರಿಗೆ ಇದು ಹೆಚ್ಚುಕಡಿಮೆ 8 ಕಿಲೋಮೀಟರ್. ಮರೀನ್ ಡ್ರೈವ್ ಸುಮಾರು ಮೂರೂವರೆ ಕಿಲೋಮೀಟರ್ ಉದ್ದ. ನರಿಮನ್ ಪಾಯಿಂಟ್‌ನಿಂದ ಚೌಪಾಟಿಗೆ ಹೋಗಿ, ವಾಪಸ್ ಬಂದು, ಮತ್ತೆ ಸ್ವಲ್ಪ ದೂರ ನಡೆಯಬೇಕು. ಒಂದೂವರೆ ಗಂಟೆಯ ಕೆಲಸ. ತಿನ್ನಲು ಬೇಕಾದದ್ದು ಐದು ನಿಮಿಷ.

ಎರಡು ಇಡ್ಲಿಗೆ 110ರಿಂದ 120 ಕ್ಯಾಲೊರಿ, ಅಂದರೆ 3 ಕಿಲೋಮೀಟರ್. ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ ಒಂದು ಸುತ್ತು ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಮೂರು ಸುತ್ತು ಹಾಕಿದರೆ ಇಡ್ಲಿ ಮುಗಿಯಿತು. ಹೋಟೆಲಿನ ಮಸಾಲೆ ದೋಸೆ, ಬೆಣ್ಣೆ, ಚಟ್ನಿ ಎಲ್ಲ ಸೇರಿ 400ರ ಆಸುಪಾಸು. ಅದಕ್ಕೆ 10 ಕಿಲೋಮೀಟರ್. ಕಟಿಂಗ್ ಚಹಾದಲ್ಲಿ ಎರಡು ಚಮಚ ಸಕ್ಕರೆ ಇದ್ದರೆ ಆ ಸಕ್ಕರೆಯೊಂದೇ 40 ಕ್ಯಾಲೊರಿ. ಗ್ಲಾಸಿಗೆ ಒಂದು ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಆಫೀಸಿನಲ್ಲಿ ನಾಲ್ಕು ಗ್ಲಾಸ್ ಆಗುತ್ತದಾ? ಸಕ್ಕರೆಗೇ ನಾಲ್ಕು ಕಿಲೋಮೀಟರ್, ಹಾಲಿನದು ಬೇರೆ.

ಪ್ರತಿ ಹೋಟೆಲಿನಲ್ಲೂ ಈ ಸಂಖ್ಯೆ ಬರೆದಿರುವುದಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಹಾಕಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ನಿಯಮ ಹೇಳುತ್ತದೆ. ಮಾಟುಂಗದಲ್ಲಿ ಒಂದೇ ಅಂಗಡಿ ಇಟ್ಟುಕೊಂಡ ನಮ್ಮ ಉಡುಪಿ ಹೋಟೆಲ್‌ನವರು ಸಾಮಾನ್ಯವಾಗಿ ಇದಕ್ಕೆ ಸೇರುವುದಿಲ್ಲ. ಕ್ಯಾಲೊರಿ ಬರೆದ ಮೆನುವಿನಲ್ಲಿ ವಯಸ್ಕರಿಗೆ ದಿನಕ್ಕೆ 2000 ಕ್ಯಾಲೊರಿ ಬೇಕು ಎಂಬ ಸಾಲೂ ಇರುತ್ತದೆ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಿಗೆ ಆ ಸಾಲನ್ನು ಬಿಟ್ಟುಬಿಡಿ ಎನ್ನುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ 1660 ಸಾಕು. ಕೂತು ಕೆಲಸ ಮಾಡುವ 65 ಕೆ.ಜಿ. ಗಂಡಸಿಗೆ 2110. ಇಬ್ಬರ ನಡುವೆ ಒಂದು ಮಸಾಲೆ ದೋಸೆಗಿಂತ ಜಾಸ್ತಿ ಅಂತರ ಇದೆ. ಗಂಡ, ಹೆಂಡತಿ ಸಮ ತಿಂದರೆ ಹೆಂಡತಿಗೆ ತೂಕ ಏರುವುದು ಅವಳ ತಪ್ಪಲ್ಲ, ಲೆಕ್ಕ ಇರುವುದೇ ಹಾಗೆ.

ಬನ್ಸ್ ತೂಗಿದ ದಿನ

ಮನೆಯ ಕರಿದ ತಿಂಡಿಯಲ್ಲಿ ಎಷ್ಟು ಎಣ್ಣೆ ಹೋಗುತ್ತದೆ ಎಂದು ಯಾರೂ ಅಂದಾಜಿನಲ್ಲಿ ಹೇಳಲಾರರು. ಅದಕ್ಕೆ ತೂಗಬೇಕು. ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಅಕ್ಕ ಬೈಂದೂರಿನವರು. ಅವರ ಮನೆಯಲ್ಲಿ ಭಾನುವಾರ ಬನ್ಸ್ ಖಾಯಂ. ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಹಿಡಿದುಕೊಂಡು ಹೋದೆ. "ಎಣ್ಣೆ ತೂಗ್ತೀರಾ? ಮಾಡಿ ಮಾಡಿ, ನನಗೂ ನೋಡಬೇಕು" ಎಂದರು.

ಕ್ರಮ ಹೀಗೆ. ಎಣ್ಣೆ ಹಾಕಿದ ಬಾಣಲೆಯನ್ನು ಒಲೆ ಹಚ್ಚುವ ಮೊದಲೇ ತೂಗಿ ಬರೆದಿಟ್ಟೆವು. ಎಲ್ಲ ಕರಿದಾದ ಮೇಲೆ, ಎಣ್ಣೆ ಪೂರ್ತಿ ತಣ್ಣಗಾಗುವ ತನಕ ಕಾದು, ಮತ್ತೆ ತೂಗಿದೆವು. ಬಿಸಿ ಬಾಣಲೆಯನ್ನು ತಕ್ಕಡಿ ಮೇಲೆ ಇಡಲೇಬೇಡಿ. ತಕ್ಕಡಿ ಹಾಳಾಗುತ್ತದೆ, ಕೈಯೂ ಸುಡುತ್ತದೆ. ಬನ್ಸ್ ಹರಡಿದ ಕಾಗದವನ್ನೂ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಗಬೇಕು. ಕಾಗದ ಕುಡಿದ ಎಣ್ಣೆ ಹೊಟ್ಟೆಗೆ ಹೋಗಿಲ್ಲವಲ್ಲ. ಬಾಣಲೆಯಲ್ಲಿ ಕಮ್ಮಿಯಾದದ್ದರಿಂದ ಕಾಗದದ್ದನ್ನು ಕಳೆದಾಗ 80 ಗ್ರಾಂ ಉಳಿಯಿತು. ಬನ್ಸ್ ಹತ್ತು. ತಲಾ 8 ಗ್ರಾಂ ಎಣ್ಣೆ, 72 ಕ್ಯಾಲೊರಿ.

ಉಳಿದದ್ದು ಸುಲಭ. ಮೈದಾ 300 ಗ್ರಾಂ, ಅದಕ್ಕೆ 1050. ಸುಲಿದ ಬಾಳೆಹಣ್ಣು 200 ಗ್ರಾಂ, ಸುಮಾರು 200. ಸಕ್ಕರೆ 50 ಗ್ರಾಂ, 200. ಮೊಸರಿಗೆ 30. ಎಣ್ಣೆಗೆ 720. ಒಟ್ಟು 2200, ಹತ್ತರಿಂದ ಭಾಗಿಸಿದರೆ ಒಂದು ಬನ್ಸ್‌ಗೆ 220 ಕ್ಯಾಲೊರಿ. ಅಕ್ಕನ ತೂಕ 60 ಕೆ.ಜಿ.ಯ ಸುಮಾರು. 33ರಿಂದ ಭಾಗಿಸಿದರೆ ಆರೂವರೆ ಕಿಲೋಮೀಟರಿಗಿಂತ ಜಾಸ್ತಿ. ಮೂರರಲ್ಲಿ ಒಂದು ಭಾಗ ಬರೀ ಎಣ್ಣೆಯದು.

ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಕರಿಯುವಾಗ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಿರುತ್ತದೆ. ಗುಳ್ಳೆ ಕಾಣುವುದು ಅದೇ. ಆ ಆವಿಯ ಒತ್ತಡ ಇರುವ ತನಕ ಎಣ್ಣೆಗೆ ಒಳಗೆ ಹೋಗಲು ದಾರಿ ಕಮ್ಮಿ. ಬಾಣಲೆಯಿಂದ ತೆಗೆದ ಮೇಲೆ ತಿಂಡಿ ತಣಿಯುತ್ತದೆ, ಒಳಗಿನ ಆವಿ ಕುಗ್ಗುತ್ತದೆ, ಆಗ ಮೈಮೇಲಿನ ಎಣ್ಣೆ ಒಳಕ್ಕೆ ಎಳೆಯಲ್ಪಡುತ್ತದೆ. ಅಂದರೆ ತೆಗೆದ ಮೊದಲ ಒಂದೆರಡು ನಿಮಿಷವೇ ಮುಖ್ಯ. ಜಾಲರಿ ಸೌಟಿನಲ್ಲಿ ಎತ್ತಿದ ಕೂಡಲೇ ಬಾಣಲೆಯ ಮೇಲೇ ಚೆನ್ನಾಗಿ ಕೊಡವಿ. ತಕ್ಷಣ ಕಾಗದದ ಮೇಲೆ ಹಾಕಿ ಎರಡೂ ಬದಿ ಒರೆಸಿ. ಒಂದರ ಮೇಲೊಂದು ರಾಶಿ ಹಾಕಬೇಡಿ. ಕಾಯದ ಎಣ್ಣೆಗೆ ಹಾಕುವುದೂ ಬೇಡ. ಇಷ್ಟರಿಂದ ಒಂದು ಬನ್ಸ್‌ನಲ್ಲಿ 2 ಗ್ರಾಂ ಎಣ್ಣೆ ಕಮ್ಮಿಯಾದರೂ 18 ಕ್ಯಾಲೊರಿ, ಅಂದರೆ ಅಕ್ಕನಿಗೆ ಅರ್ಧ ಕಿಲೋಮೀಟರ್ ಉಳಿತಾಯ. ರುಚಿಯಲ್ಲಿ ಏನೂ ಕಮ್ಮಿ ಇಲ್ಲ.

ನಡಿಗೆ ಬಿಟ್ಟು ಬೇರೆ ಏನು ಮಾಡಬಹುದು

70 ಕೆ.ಜಿ.ಯವರ ಲೆಕ್ಕದಲ್ಲಿ, ಕೂತಿದ್ದರೂ ಆಗುವ ಖರ್ಚು ಕಳೆದು ಹೇಳುತ್ತೇನೆ. ಗಂಟೆಗೆ 8 ಕಿಲೋಮೀಟರ್ ವೇಗದ ಓಟ ಒಂದು ಗಂಟೆಗೆ 500ರ ಸುಮಾರು. ಹದವಾದ ವೇಗದ ಸೈಕಲ್ 400. ಗೆಳೆಯರ ಜೊತೆ ಆಡುವ ಬ್ಯಾಡ್ಮಿಂಟನ್ 315. ಗುಡಿಸುವುದು 160, ಸೂರ್ಯನಮಸ್ಕಾರಕ್ಕೂ ಅಷ್ಟೇ. ನಿಧಾನದ ಹಠಯೋಗ 100ರ ಮೇಲೆ ಸ್ವಲ್ಪ. ಹಗ್ಗದಾಟ ಹತ್ತು ನಿಮಿಷ ಬಿಡದೆ ಆಡಿದರೆ 120, ಆದರೆ ನಲವತ್ತು ದಾಟಿದವರಲ್ಲಿ ಹತ್ತು ನಿಮಿಷ ಬಿಡದೆ ಆಡುವವರು ಕಮ್ಮಿ. ಸೂರ್ಯನಮಸ್ಕಾರದ ಸಂಖ್ಯೆ ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ಬೇಜಾರು ಯಾಕೆ? ಬೆನ್ನು, ಭುಜ, ಉಸಿರು, ಮನಸ್ಸು ಇವಕ್ಕೆಲ್ಲ ಅದು ಕೊಡುವುದನ್ನು ಕ್ಯಾಲೊರಿಯಲ್ಲಿ ಅಳೆಯಲು ಬರುವುದಿಲ್ಲ.

ಮೆಟ್ಟಿಲಿನದು ಬೇರೆ ಲೆಕ್ಕ. 70 ಕೆ.ಜಿ. ದೇಹವನ್ನು 3 ಮೀಟರ್ ಮೇಲೆ ಎತ್ತಲು ಬೇಕಾಗುವ ಶಕ್ತಿ ಅರ್ಧ ಕ್ಯಾಲೊರಿ ಮಾತ್ರ. ಸ್ನಾಯುಗಳು ತಾವು ಖರ್ಚು ಮಾಡಿದ್ದರಲ್ಲಿ ನಾಲ್ಕನೇ ಅಥವಾ ಐದನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಹಾಕುತ್ತವೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಒಂದು ಮಾಳಿಗೆ ಹತ್ತಿದರೆ ಎರಡರಿಂದ ಎರಡೂವರೆ ಕ್ಯಾಲೊರಿ. ವಡಾ ಪಾವ್‌ಗೆ ನೂರಿಪ್ಪತ್ತು ಮಾಳಿಗೆಗಿಂತ ಕಮ್ಮಿ ಇಲ್ಲ. ರೈಲ್ವೆ ಸ್ಟೇಷನ್ನಿನ ಪಾದಚಾರಿ ಸೇತುವೆ ದಿನಾ ಹತ್ತುವುದು ಒಳ್ಳೆಯದೇ. ಆದರೆ ಅದನ್ನು ಹತ್ತಿದೆ ಎಂದು ಸಂಜೆ ಸಮೋಸ ತಗೊಂಡರೆ ಲೆಕ್ಕ ಹೊಂದುವುದಿಲ್ಲ.

ಲೋಕಲ್‌ನಲ್ಲಿ ನಿಂತು ಬರುವ ಮಾತೂ ಹಾಗೇ. "ಒಂದು ಗಂಟೆ ನಿಂತು, ನೂಕಾಡಿ, ಬೆವರು ಸುರಿಸಿ ಬರ್ತೇನೆ ಮೇಡಂ, ವ್ಯಾಯಾಮ ಅಲ್ಲೇ ಆಯ್ತು" ಎನ್ನುತ್ತಾರೆ. ಆಯಾಸ ನಿಜ, ಆ ಆಯಾಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಸುಮ್ನೆ ನಿಲ್ಲುವುದು ಕೂರುವುದಕ್ಕಿಂತ ಸ್ವಲ್ಪವೇ ಜಾಸ್ತಿ ಖರ್ಚು. ಬೆವರು ಕೊಬ್ಬು ಕರಗಿದ ಗುರುತಲ್ಲ. ಮುಂಬಯಿಯ ಹವೆಯಲ್ಲಿ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ, ಅದಕ್ಕೇ ಮೈಯೆಲ್ಲ ಒದ್ದೆ. ಹೋದದ್ದು ನೀರು. ಎರಡು ಲೋಟ ನೀರು ಕುಡಿದರೆ ತೂಕ ವಾಪಸ್ ಬಂತು.

ಪುಣೆಯವರೆಗೆ ನಡೆದರೆ?

ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇದೆ. 38ರಿಂದ ಭಾಗಿಸಿ, 200 ಕಿಲೋಮೀಟರ್. ಮುಂಬಯಿಯಿಂದ ಪುಣೆಗೆ 150 ಕಿಲೋಮೀಟರ್ ಹತ್ತಿರ. ಘಾಟಿಯ ಏರು ಬಿಟ್ಟು ಲೆಕ್ಕ ಹಾಕಿದರೆ, ಖಂಡಾಲ, ಲೋನಾವಳ ದಾಟಿ ಪುಣೆಗೆ ನಡೆದೇ ಹೋದರೂ ಒಂದು ಕೆ.ಜಿ. ಪೂರ್ತಿ ಕರಗುವುದಿಲ್ಲ. ಇನ್ನೊಂದು ಕಡೆ ನೋಡಿ. ದಿನಕ್ಕೆ ನಾಲ್ಕು ಚಹಾದಲ್ಲಿ ತಲಾ ಒಂದು ಚಮಚ ಸಕ್ಕರೆ ಬಿಟ್ಟರೆ 80 ಕ್ಯಾಲೊರಿ. ಮೂರು ತಿಂಗಳಿಗೆ 7200. ಕಾಗದದ ಮೇಲೆ ಅದೂ ಒಂದು ಕೆ.ಜಿ.ಯ ಹತ್ತಿರವೇ.

ಇದಲ್ಲದೆ ದೇಹಕ್ಕೂ ಅದರದ್ದೇ ಲೆಕ್ಕ ಇದೆ. 2012ರಲ್ಲಿ ಹರ್ಮನ್ ಪಾಂಟ್ಜರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ತಾಂಜಾನಿಯಾದ ಹಾಡ್ಜಾ ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಇವರು ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು, ದಿನಾ ಮೈಲಿಗಟ್ಟಲೆ ನಡೆಯುವವರು. ಆದರೂ ದೇಹದ ಗಾತ್ರಕ್ಕೆ ಹೋಲಿಸಿದಾಗ ಅವರ ದಿನದ ಒಟ್ಟು ಖರ್ಚು ಅಮೆರಿಕ, ಯುರೋಪಿನವರಷ್ಟೇ ಇತ್ತು. ಒಂದು ಕಡೆ ಖರ್ಚು ಏರಿದರೆ ದೇಹ ಇನ್ನೊಂದು ಕಡೆ ಕೈ ಬಿಗಿ ಮಾಡುತ್ತದೆ ಎಂಬುದು ಪಾಂಟ್ಜರ್ ಅವರ ವಿವರಣೆ. ಜಿಮ್ಮಿಗೆ ಸೇರಿದವರ ತೂಕ ಲೆಕ್ಕದಷ್ಟು ಇಳಿಯದಿರಲು ಇದೂ ಒಂದು ಕಾರಣ ಇರಬಹುದು. ಹಸಿವೂ ಏರುತ್ತದೆ. ನಡಿಗೆ ಮುಗಿಸಿ ಬಂದವರು ತಟ್ಟೆಗೆ ಇನ್ನೊಂದು ಚಪಾತಿ ಹಾಕಿಸಿಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ.

ಸ್ನಾಯು ಬೆಳೆಸಿದರೆ ಕೂತಲ್ಲೇ ಕೊಬ್ಬು ಕರಗುತ್ತದೆ ಎಂಬ ಮಾತೂ ದೊಡ್ಡದಾಯಿತು. ಒಂದು ಕೆ.ಜಿ. ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸುತ್ತದೆ. ಒಂದು ಚಮಚ ಸಕ್ಕರೆಯಷ್ಟೂ ಇಲ್ಲ. ಭಾರ ಎತ್ತಬೇಕಾದ್ದು ಮೂಳೆಗೆ, ಮೊಣಕಾಲಿಗೆ, ಎಪ್ಪತ್ತರ ವಯಸ್ಸಿನಲ್ಲೂ ನೆಲದಿಂದ ತಾನೇ ಎದ್ದು ನಿಲ್ಲುವ ಶಕ್ತಿಗೆ.

ಹಾಗಾದರೆ ಕಿಲೋಮೀಟರ್ ಲೆಕ್ಕ ಯಾವಾಗ ಉಪಯೋಗ? ಹೋಟೆಲಿನ ಕೌಂಟರ್ ಎದುರು ನಿಂತಾಗ. ಹೋಳಿಗೆಗೆ, ಹಬ್ಬದ ಪಾಯಸಕ್ಕೆ, ಅಮ್ಮ ಮಾಡಿದ ಬನ್ಸ್‌ಗೆ ಅದನ್ನು ಹಚ್ಚಬೇಡಿ, ಅವನ್ನು ಸಂತೋಷವಾಗಿ ತಿನ್ನಿ. ದಿನಾ ಗಮನವಿಲ್ಲದೆ ಬಾಯಿಗೆ ಹೋಗುವುದಕ್ಕೆ ಹಚ್ಚಿ. ನಾಲ್ಕನೇ ಚಹಾ, ಫರ್ಸಾಣದ (ಕರಿದ ಖಾರದ ಕುರುಕಲಿನ) ಡಬ್ಬಿ, ದೋಸೆ ಮೇಲಿನ ಎರಡನೇ ಉಂಡೆ ಬೆಣ್ಣೆ. ಹತ್ತು ಗ್ರಾಂ ಬೆಣ್ಣೆಗೆ 72 ಕ್ಯಾಲೊರಿ, ಸುಮಾರು ಎರಡು ಕಿಲೋಮೀಟರ್. "ಶೆಟ್ರೇ, ನಂದಕ್ಕೆ ಬೆಣ್ಣೆ ಕಮ್ಮಿ ಹಾಕಿ" ಎಂದರೆ ಯಾವ ಶೆಟ್ರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಡಿಗೆಯನ್ನು ತಿಂಡಿಗೆ ದಂಡ ಕಟ್ಟಿದ ಹಾಗೆ ಮಾಡಬೇಡಿ. ತಿಂದದ್ದಕ್ಕೆ ಶಿಕ್ಷೆ ಎಂದು ನಡೆಯುವವರು ಎರಡು ವಾರದಲ್ಲಿ ಬಿಡುವುದನ್ನು ಬಹಳ ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಎನ್ನುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರದಲ್ಲಿ ಐದು ದಿನ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಶುಗರ್ ಇರುವವರಿಗೆ ಇದು ಆ ನಡಿಗೆಯಲ್ಲಿ ಖರ್ಚಾಗುವ 40 ಕ್ಯಾಲೊರಿಗಿಂತ ಎಷ್ಟೋ ದೊಡ್ಡ ಲಾಭ. ರಾತ್ರಿ ಊಟ ಮುಗಿಸಿ ಗಂಡ ಹೆಂಡತಿ ಕಾಲೊನಿಯಲ್ಲೇ ಎರಡು ಸುತ್ತು ಹಾಕಿ. ಇನ್ಸುಲಿನ್ ತಗೊಳ್ಳುವವರು ಮತ್ತು ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆಯಬೇಡಿ. ಜೇಬಿನಲ್ಲಿ ಗ್ಲುಕೋಸ್ ಇರಲಿ. ನಿಮ್ಮ ಔಷಧ ಆ ಬಗೆಯದೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ.

ಬೆಳೆಯುವ ಮಕ್ಕಳು, ಬಸುರಿಯರು, ಮಗುವಿಗೆ ಹಾಲೂಡಿಸುವವರು ಈ ಲೆಕ್ಕ ಹಾಕುವುದೇ ಬೇಡ. ಊಟ ಕಂಡರೆ ಹೆದರುವ, ತಿಂದ ತಕ್ಷಣ ತೂಕದ ಯಂತ್ರ ಹತ್ತುವ ಹದಿವಯಸ್ಸಿನ ಮಗಳು ಮನೆಯಲ್ಲಿದ್ದರೆ ಅವಳ ಎದುರು ಈ ಸಂಖ್ಯೆಗಳನ್ನು ಮಾತಾಡಲೂ ಬೇಡಿ. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಮಳೆ. ರಸ್ತೆಯಲ್ಲಿ ನೀರು, ಫುಟ್‌ಪಾತ್ ಜಾರುತ್ತದೆ. ಆಗ ಬಿಲ್ಡಿಂಗಿನ ಒಳಗೇ ನಡೆಯಿರಿ. ಪಾರ್ಕಿಂಗ್ ಜಾಗ ಒಣಗಿದ್ದರೆ ಅಲ್ಲಿ ಸುತ್ತಿ, ಇಲ್ಲದಿದ್ದರೆ ಮೆಟ್ಟಿಲು ಹತ್ತಿ. ಮಾತಾಡಲು ಬರುವಷ್ಟು ಉಸಿರು ಉಳಿಯುವ ವೇಗ ಸಾಕು. ಎದೆ ಹಿಡಿದಂತಾದರೆ ಅಲ್ಲೇ ಕೂತು, ಯಾರನ್ನಾದರೂ ಕರೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಇಳಿಯುವಾಗ ಮೊಣಕಾಲಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಮಂಡಿನೋವು ಇರುವವರು ಹತ್ತಲು ಮೆಟ್ಟಿಲು, ಇಳಿಯಲು ಲಿಫ್ಟ್ ಬಳಸಿ.